ಅಪ್ಪಾಜಿ ಓಡಾಡಿದ ನಾಲೆಯ ದಾರಿ

ಅಪ್ಪಾಜಿ ತೀರಿಕೊಂಡು ವರ್ಷ ತುಂಬಿತು. ಪೂಜೆ, ಊಟ, ನೆಂಟರಿಷ್ಟರು ಎಲ್ಲ ಮುಗಿದ ಮೇಲೆ ಅಮ್ಮ ಕೇಳಿದ್ದು ಒಂದೇ. "ಅವರು ಹಗಲೂ ರಾತ್ರಿ ಓಡಾಡಿದ ಜಾಗಗಳನ್ನ ನಾನು ನೆಟ್ಟಗೆ ನೋಡೇ ಇಲ್ಲ. ಒಂದ್ಸಲ ಕರ್ಕೊಂಡು ಹೋಗ್ರಿ." ಅದು 2025ರ ಫೆಬ್ರುವರಿ. ಭದ್ರಾ ನಾಲೆಯಲ್ಲಿ ಬೇಸಿಗೆ ಬೆಳೆಗೆ ನೀರು ಹರಿಯುತ್ತಿತ್ತು. ವಾಣಿವಿಲಾಸ ಸಾಗರ ತುಂಬಿ ಕೋಡಿ ಬಿದ್ದಿತ್ತು. ಇದಕ್ಕಿಂತ ಒಳ್ಳೆಯ ಹೊತ್ತು ಮತ್ತೆ ಸಿಗುತ್ತದೋ ಇಲ್ಲವೋ ಎಂದು ಅಮ್ಮ, ನಾನು, ತಮ್ಮ, ಅವನ ಮಗಳು ಹೊರಟುಬಿಟ್ಟೆವು.

ಅಪ್ಪಾಜಿ ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದರು. ಅವರು ಅಣೆಕಟ್ಟು ಕಟ್ಟಿದವರಲ್ಲ. ಬೇರೆಯವರು ಕಟ್ಟಿದ ಅಣೆಕಟ್ಟಿನ ನೀರು ಕೊನೆಯ ಹೊಲದವರೆಗೂ ಹೋಗುವಂತೆ ನೋಡಿಕೊಂಡವರು. ಇಂಥ ಕೆಲಸಕ್ಕೆ ಯಾರೂ ಕಲ್ಲು ನೆಟ್ಟು ಹೆಸರು ಬರೆಸುವುದಿಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ಶುಕ್ರವಾರ, ದಾವಣಗೆರೆ

ಮೊದಲು ಹೋಗಿದ್ದು ಬಿಡಿಟಿ ಎಂಜಿನಿಯರಿಂಗ್ ಕಾಲೇಜಿಗೆ. 1951ರಲ್ಲಿ ಶುರುವಾದ ಕಾಲೇಜು ಇದು. ಈಗ ಎಲ್ಲರೂ ಯುಬಿಡಿಟಿ ಅಂತಾರೆ, ನಮ್ಮ ಮನೆಯಲ್ಲಿ ಇವತ್ತಿಗೂ ಬಿಡಿಟಿನೇ. ಈ ಸೀಮೆಯ ಹುಡುಗರು ಬೆಂಗಳೂರು, ಮೈಸೂರು ಅಂತ ದೂರ ಹೋಗದೆ ಎಂಜಿನಿಯರಿಂಗ್ ಓದುವಂತಾಗಿದ್ದು ಇದರಿಂದ. ಅಪ್ಪಾಜಿ ಜಗಳೂರು ತಾಲ್ಲೂಕಿನ ಹಳ್ಳಿಯವರು. ಮಳೆ ಕಡಿಮೆ. ಬಾವಿ ಬತ್ತಿದ ವರ್ಷ ಎತ್ತು ಮಾರಿಬಿಡುವ ಊರು. ಅಲ್ಲಿಂದ ಒಬ್ಬ ಹುಡುಗ 1960ರ ದಶಕದಲ್ಲಿ ತಗಡಿನ ಟ್ರಂಕು ಹಿಡಿದು ದಾವಣಗೆರೆಗೆ ಬಂದ. ಮಠದ ಉಚಿತ ಹಾಸ್ಟೆಲ್ಲಿನಲ್ಲಿದ್ದು ಸಿವಿಲ್ ಓದಿದ. ರಾತ್ರಿ ಹಸಿವಾದರೆ ಒಂದು ಪೊಟ್ಟಣ ಖಾರ ಮಂಡಕ್ಕಿಯನ್ನು ಮೂವರು ಹಂಚಿಕೊಂಡು ತಿನ್ನುತ್ತಿದ್ದರಂತೆ. ಆಗ ಕ್ಯಾಲ್ಕುಲೇಟರ್ ಇರಲಿಲ್ಲ. ಲೆಕ್ಕಕ್ಕೆಲ್ಲ ಸ್ಲೈಡ್ ರೂಲ್. ಅಪ್ಪಾಜಿಯ ಸ್ಲೈಡ್ ರೂಲ್ ನಮ್ಮ ಮನೆಯಲ್ಲಿ ಇನ್ನೂ ಇದೆ, ಇವತ್ತಿಗೂ ಸಲೀಸಾಗಿ ಜಾರುತ್ತದೆ.

ಕಾಲೇಜಿನ ಮುಂದೆ ಅಮ್ಮ ಸ್ವಲ್ಪ ಹೊತ್ತು ನಿಂತರು. ಫೋಟೊ ಬೇಡ ಅಂದರು. ಆಮೇಲೆ ಬೆಣ್ಣೆ ದೋಸೆ ತಿಂದೆವು. ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ, ದೋಸೆಯ ಮೇಲೆ ಕರಗುವ ಬೆಣ್ಣೆ. ಅದನ್ನು ದಾವಣಗೆರೆಯವರಿಗೆ ವಿವರಿಸಬೇಕಿಲ್ಲ, ಬೇರೆಯವರು ಬಂದು ತಿನ್ನಲಿ.

ಸಂಜೆ ಕುಂದವಾಡ ಕೆರೆ ಏರಿಯ ಮೇಲೆ ನಡೆದೆವು. ಜನ ಇಲ್ಲಿಗೆ ವಾಕಿಂಗಿಗೆ ಬರುತ್ತಾರೆ, ಹತ್ತಿರದ ಗಾಜಿನ ಮನೆ ನೋಡಲು ಬರುತ್ತಾರೆ. ಊರಿಗೆ ಕುಡಿಯುವ ನೀರು ಕೊಡುವ ಕೆರೆ ಇದು. ಇದಕ್ಕೂ ಟಿವಿ ಸ್ಟೇಷನ್ ಕೆರೆಗೂ ಲಕ್ಕವಳ್ಳಿ ಅಣೆಕಟ್ಟೆಯಿಂದ ಬರುವ ಭದ್ರಾ ನಾಲೆಯಿಂದ ನೀರು ಬಿಡುತ್ತಾರೆ. ತಮ್ಮನ ಮಗಳಿಗೆ ಇದು ಗೊತ್ತಿರಲಿಲ್ಲ. "ಅಂದ್ರೆ ನಾವು ಕುಡಿಯೋದು ಲಕ್ಕವಳ್ಳಿ ನೀರಾ?" ಅಂದಳು. ಹೌದು ಪುಟ್ಟಾ, ಬಾಬಾಬುಡನ್‌ಗಿರಿ ಕಡೆ ಬಿದ್ದ ಮಳೆಯೂ ಅದರಲ್ಲಿದೆ, ಅಂದೆ. ಅವಳಿಗೆ ಇದನ್ನು ಹೇಳಬೇಕಾದವರು ಅವಳ ತಾತ. ಅವರಾಗಿದ್ದರೆ ಏರಿಯ ಮೇಲೆ ಕಡ್ಡಿಯಲ್ಲಿ ಗೆರೆ ಎಳೆದು ಇಡೀ ನಾಲೆಯನ್ನೇ ಬರೆದು ತೋರಿಸುತ್ತಿದ್ದರು.

ಶನಿವಾರ, ನಾಲೆ ಮತ್ತು ಸೂಳೆಕೆರೆ

ಇಡೀ ಪ್ರವಾಸದಲ್ಲಿ ನನಗೆ ಬಹಳ ಮುಖ್ಯ ಅನಿಸಿದ ದಿನ ಇದು.

ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಗೆ 186 ಅಡಿ ಅಂದರೆ ಪೂರ್ತಿ ತುಂಬಿದ ಹಾಗೆ. ಆಗ ಅದರಲ್ಲಿ ಸುಮಾರು 71 ಟಿಎಂಸಿ ನೀರು (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). ಬಲದಂಡೆ ನಾಲೆ ಅಲ್ಲಿಂದ ಹೊರಟು ಭದ್ರಾವತಿ, ಚನ್ನಗಿರಿ ಸೀಮೆ ದಾಟಿ ದಾವಣಗೆರೆ, ಹರಿಹರದ ಕಡೆ ಬರುತ್ತದೆ. ನಾವು ಇರುವುದು ನಾಲೆಯ ಬಾಲದಲ್ಲಿ. ಕೊನೆಭಾಗ ಅನ್ನುವ ಮಾತು ಇಲ್ಲಿನ ರೈತರ ಬಾಯಲ್ಲಿ ದಿನಾ ಬರುತ್ತದೆ. ಕೊನೆಭಾಗಕ್ಕೆ ನೀರು ಬಂತಾ? ಕೊನೆಭಾಗದವರು ರಸ್ತೆ ತಡೆದ್ರಂತೆ. ಪ್ರತಿ ಬೇಸಿಗೆಯ ಸುದ್ದಿ ಇದೇ.

ನೀರು ಬಿಟ್ಟರೆ ತಾನಾಗೇ ಹರಿದುಕೊಂಡು ಹೋಗುತ್ತದಲ್ಲ, ಕಷ್ಟ ಏನು ಅಂತ ಚಿಕ್ಕವಳಿದ್ದಾಗ ಅಪ್ಪಾಜಿಯನ್ನು ಕೇಳುತ್ತಿದ್ದೆ. ಅವರು ಸಮಾಧಾನವಾಗಿ ಹೇಳುತ್ತಿದ್ದರು. ನಾಲೆ ತುಂಬಿ ಹರಿಯಬೇಕು. ಅರ್ಧ ನಾಲೆ ಹರಿದರೆ ಪಕ್ಕದ ತೂಬುಗಳಿಗೆ ನೀರು ಹತ್ತುವುದೇ ಇಲ್ಲ. ಮೇಲ್ಭಾಗದಲ್ಲಿ ಹತ್ತು ಪಂಪು ಇಟ್ಟು ಎತ್ತಿದರೂ ಕೆಳಗೆ ಗೇಜು, ಅಂದರೆ ನೀರಿನ ಮಟ್ಟ, ಇಳಿಯುತ್ತದೆ. ಹೂಳು, ಜೊಂಡು ಸೇರಿದರೆ ಓಟ ನಿಧಾನ. ನಿಧಾನವಾದಷ್ಟೂ ಇಂಗುವುದು ಜಾಸ್ತಿ. ಇದರ ಮೇಲೆ ಇನ್ನೊಂದು. ನಾಲೆಯ ನೀರು ಸಿಗುವ ಈ ಅಚ್ಚುಕಟ್ಟಿನಲ್ಲಿ ಬಹಳಷ್ಟು ಜಮೀನಿಗೆ ಗೊತ್ತು ಮಾಡಿದ್ದು ಕಡಿಮೆ ನೀರು ಸಾಕಾಗುವ ಅರೆ ನೀರಾವರಿ ಬೆಳೆ. ನೀರು ಕಂಡ ಕೂಡಲೇ ಮೇಲ್ಭಾಗದವರು ಭತ್ತ ನಾಟಿ ಮಾಡಿದರು. ಭತ್ತಕ್ಕೆ ನೀರು ನಿಲ್ಲಿಸಬೇಕು. ಅಣೆಕಟ್ಟೆಯಲ್ಲಿ ಇರುವ ನೀರು ಅಷ್ಟೇ, ಕುಡಿಯುವ ಬೆಳೆ ಬದಲಾಯಿತು. ಏಟು ಬಿದ್ದಿದ್ದು ಕೊನೆಯವರಿಗೆ. "ಭತ್ತ ಹಾಕಿದವರನ್ನ ಬೈದು ಏನು ಮಾಡ್ಲಿ? ಅವರಿಗೂ ಮಕ್ಕಳು ಮರಿ ಇದಾವೆ" ಅನ್ನುತ್ತಿದ್ದರು. ಆದರೂ ಗೇಟು ಇಳಿಸುವ ಹೊತ್ತಿಗೆ ಇಳಿಸುತ್ತಿದ್ದರು.

ಮಲೇಬೆನ್ನೂರು ಕಡೆಯ ಒಂದು ಊರಿನ ಹತ್ತಿರ ಕಾರು ನಿಲ್ಲಿಸಿದೆವು. ನಾಲೆ ಏರಿಯ ಮೇಲೆ ಒಬ್ಬರು ಹಿರಿಯ ರೈತರು ಕೂತಿದ್ದರು. ಅಪ್ಪಾಜಿ ಕೆಲಸ ಮಾಡಿದ ವರ್ಷಗಳನ್ನು ತಮ್ಮ ಹೇಳಿದ ಕೂಡಲೇ ಅವರು ಎದ್ದು ನಿಂತರು.

"ಕಂಬಳಿ ಸಾಹೇಬ್ರ ಮಕ್ಕಳಾ ನೀವು?"

ಆ ಹೆಸರು ನಮಗೆ ಗೊತ್ತೇ ಇರಲಿಲ್ಲ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ಒಂದು ಬೇಸಿಗೆ ಮೇಲ್ಭಾಗದಲ್ಲಿ ರಾತ್ರಿ ಗೇಟು ಎತ್ತುವುದು, ಪಂಪು ಹಚ್ಚುವುದು ಬಹಳವಾಯ್ತಂತೆ. ಕೊನೆಭಾಗದಲ್ಲಿ ಭತ್ತ ತೆನೆ ಕಟ್ಟುವ ಹೊತ್ತು. ಈ ಊರಿನವರು ಒಣಗಿದ ಪೈರು ಕಿತ್ತುಕೊಂಡು ಹೋಗಿ ಅಪ್ಪಾಜಿಯ ಕ್ವಾರ್ಟರ್ಸ್ ಮುಂದೆ ಹಾಕಿದರಂತೆ. ಆ ಸಂಜೆ ಅಪ್ಪಾಜಿ ಒಂದು ಕಂಬಳಿ, ಟಾರ್ಚು ಹಿಡಿದು ಗೇಟಿನ ಹತ್ತಿರ ಬಂದು ಕೂತರು. ಗೇಟು ನೋಡಿಕೊಳ್ಳುವ ಸೌಡಿಗಳು ಇಬ್ಬರೇ. ಅವರಿಗೆ ಊರವರ ಹೆದರಿಕೆ. ಸಾಹೇಬರೇ ಕೂತ ಮೇಲೆ ಅವರಿಗೂ ಧೈರ್ಯ ಬಂತು. ನಡುರಾತ್ರಿ ಕೆಲವರು ಬಂದು ಕೂಗಾಡಿದರು. ಅಪ್ಪಾಜಿ ಎದ್ದೇಳಲಿಲ್ಲ. "ನಿಮ್ಮ ಸರದಿ ಬಂದಾಗ ನಿಮ್ಮ ಗೇಟು ಕಾಯೋಕೂ ನಾನೇ ಬಂದು ಕೂರ್ತೀನಿ" ಅಂದರಂತೆ. ಬೆಳಗಿನ ಜಾವ ಈ ರೈತರ ಅಪ್ಪ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋದರೆ, ಮೊದಲು ಸೌಡಿಗಳಿಗೆ ಕೊಡಿಸಿ ಆಮೇಲೆ ತಾವು ತಿಂದರಂತೆ. "ಮೂರನೇ ದಿನ ನಮ್ಮ ಹೊಲಕ್ಕೆ ನೀರು ಬಂತವ್ವಾ. ಆ ವರ್ಷದ ಭತ್ತದಾಗೇ ನಮ್ಮ ಅಕ್ಕನ ಮದುವೆ ಮಾಡಿದ್ವಿ."

ನಾನು ಅಳುತ್ತಿದ್ದೆ. ಅಮ್ಮನ ಮುಖ ಬೇರೆ ಥರ ಇತ್ತು. ಕಾರಿನಲ್ಲಿ ಕೂತ ಮೇಲೆ ಹೇಳಿದರು.

"ಆ ರಾತ್ರಿ ನಿನಗೆ ಮೈ ಸುಡೋ ಜ್ವರ. ನಾನೊಬ್ಬಳೇ ಎರಡು ಮಕ್ಕಳನ್ನ ಇಟ್ಕೊಂಡು ಕೂತಿದ್ದೆ. ಬೆಳಗ್ಗೆ ಬಂದ್ರು, ಕೆಸರು ಪ್ಯಾಂಟಿನಲ್ಲೇ ನಿನ್ನ ಎತ್ಕೊಂಡು ಆಸ್ಪತ್ರೆಗೆ ಓಡಿದ್ರು. ನಾನು ಒಂದು ವಾರ ಅವರ ಹತ್ರ ಮಾತಾಡ್ಲಿಲ್ಲ."

ಆಮೇಲೆ ಏನಾಯ್ತು ಅಂತ ಕೇಳಿದೆ.

"ಆಮೇಲೆ ನೀರು ಬಿಡೋ ದಿನಗಳಲ್ಲಿ ನಮ್ಮನ್ನೂ ಜೊತೆಗೇ ಕರ್ಕೊಂಡು ಹೋಗೋಕೆ ಶುರು ಮಾಡಿದ್ರು. ಒಬ್ಬಳನ್ನೇ ಬಿಟ್ಟು ಹೋಗಲ್ಲ ಅಂತ ನನ್ನ ಕೈ ಹಿಡಿದು ಹೇಳಿದ್ರು. ಹಂಗೇ ನಡ್ಕೊಂಡ್ರು."

ನಮ್ಮ ಬಾಲ್ಯದ ಪಿಕ್ನಿಕ್ಕುಗಳೆಲ್ಲ ನಾಲೆ ಪಕ್ಕದ ಐಬಿಗಳಲ್ಲಿ (ಇಲಾಖೆಯ ಬಂಗಲೆಗಳಲ್ಲಿ) ಆಗಿದ್ದು ಯಾಕೆ ಎಂದು ನನಗೆ ಆ ಕ್ಷಣಕ್ಕೆ ಅರ್ಥವಾಯಿತು. ಅಲ್ಲಿನ ಹುಣಸೆ ಮರ, ಬುತ್ತಿ, ನೆಲದ ಮಟ್ಟ ನೋಡುವ ಡಂಪಿ ಲೆವೆಲ್ ಎಲ್ಲ ನೆನಪಿವೆ. ಹಳೆಯ ಡಂಪಿ ಲೆವೆಲ್‌ನ ದುರ್ಬೀನಿನಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತದೆ. ತಮ್ಮನನ್ನು ದೂರದಲ್ಲಿ ಅಳತೆ ಕೋಲು, ಅಂದರೆ ಸ್ಟಾಫ್, ಹಿಡಿಸಿ ನಿಲ್ಲಿಸಿ ನನಗೆ ತೋರಿಸುತ್ತಿದ್ದರು. ಅವನು ಆಕಾಶಕ್ಕೆ ತಲೆಕೆಳಗಾಗಿ ನೇತಾಡುತ್ತಿದ್ದ. ನನಗೆ ನಕ್ಕೂ ನಕ್ಕೂ ಸಾಕಾಗುತ್ತಿತ್ತು. ಆಮೇಲೆ ಅದೇ ಸ್ಟಾಫ್ ನಿಲ್ಲಿಸಿ ನಮ್ಮ ಎತ್ತರ ಅಳೆದು ಲೆವೆಲ್ ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದುಕೊಳ್ಳುತ್ತಿದ್ದರು. ಆ ಬುಕ್ಕು ಅವರೇ ದುಡ್ಡು ಕೊಟ್ಟು ಕೊಂಡಿದ್ದು. ಮುಂದಿನ ಹಾಳೆಗಳಲ್ಲಿ ನಾಲೆಯ ಮಟ್ಟ. ಹಿಂದಿನ ಹಾಳೆಗಳಲ್ಲಿ ನಮ್ಮ ಫೀಸು, ಚಿಕ್ಕಪ್ಪಂದಿರ ಓದಿನ ಖರ್ಚು, ಅಜ್ಜಿಯ ಔಷಧಿ.

ಅಮ್ಮ ಸಿಟ್ಟಾಗಿದ್ದು ಸರಿ. ಅಪ್ಪಾಜಿ ಗೇಟಿನ ಹತ್ತಿರ ಕೂತಿದ್ದೂ ಸರಿ. ಎರಡೂ ಸರಿಯಾಗಿದ್ದಾಗ ಏನು ಮಾಡಬೇಕು ಅನ್ನುವುದನ್ನು ಅವರಿಬ್ಬರೂ ಕೂತು ಮಾತಾಡಿ ಕಂಡುಕೊಂಡರು.

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಮನೆಯ ಸಮಾರಂಭಗಳಲ್ಲಿ ಅಪ್ಪಾಜಿ ಪಂಕ್ತಿಯ ಕೊನೆಯಿಂದ ಬಡಿಸುತ್ತಿದ್ದರು. ನನ್ನ ಮದುವೆಯಲ್ಲಿ ಓಲಗದವರು, ಡ್ರೈವರುಗಳು, ಪಾತ್ರೆ ತೊಳೆಯುವ ಹೆಂಗಸರು ಕೂತ ಪಂಕ್ತಿಗೆ ಹೋಳಿಗೆ ಬರುವವರೆಗೂ ಅಲ್ಲಿಂದ ಕದಲಲಿಲ್ಲ. ದಿನದ ಊಟದಲ್ಲೂ ಅಷ್ಟೇ. ಅಮ್ಮ ಎಲ್ಲರಿಗೂ ಬಡಿಸಿ ಕೊನೆಗೆ ಕೂರುವವರು ಅಲ್ವಾ, ಅವರ ಪಾಲಿನ ಪಲ್ಯವನ್ನು ಅಪ್ಪಾಜಿ ಮೊದಲೇ ಒಂದು ಬಟ್ಟಲಿಗೆ ತೆಗೆದಿಟ್ಟು ಮುಚ್ಚುತ್ತಿದ್ದರು. ನಾವು ಅದನ್ನು ಅವರ ಅಭ್ಯಾಸ ಅಂದುಕೊಂಡಿದ್ದೆವು. ಆ ರೈತರ ಮಾತು ಕೇಳಿದ ಮೇಲೆ, ನಾಲೆಯಲ್ಲಿ ಕಲಿತದ್ದನ್ನು ಮನೆಗೆ ತಂದರೋ, ಮನೆಯಲ್ಲಿ ಕಲಿತದ್ದನ್ನು ನಾಲೆಗೆ ಒಯ್ದರೋ ಎಂದು ಯೋಚಿಸುತ್ತಿದ್ದೇನೆ.

ಸಂತೇಬೆನ್ನೂರಿನ ಹೊಂಡದ ಮೆಟ್ಟಿಲಲ್ಲಿ ಸ್ವಲ್ಪ ಹೊತ್ತು ಕೂತೆವು. ನೀರಿನ ನಡುವೆ ವಸಂತ ಮಂಟಪ, ಪಕ್ಕದಲ್ಲಿ ಮುಸಾಫಿರ್‌ಖಾನೆ. ಹೊಂಡ, ಮಂಟಪ 16ನೇ ಶತಮಾನದ ಕೆಲಸ, ಚೆಂದ ಇದೆ. ಹೊತ್ತಿಲ್ಲದ್ದರಿಂದ ಬೇಗ ಹೊರಟೆವು.

ಸೂಳೆಕೆರೆ ಕಂಡಾಗ ಹುಡುಗಿ "ಸಮುದ್ರ!" ಅಂದಳು. ಶಾಂತಿಸಾಗರ ಅಂತಲೂ ಕರೆಯುತ್ತಾರೆ. ಸುಮಾರು 6,500 ಎಕರೆ ಹರಡಿದ ನೀರು. ಶಾಂತವ್ವ ಎಂಬ ಹೆಣ್ಣುಮಗಳು ಕಟ್ಟಿಸಿದಳು ಅಂತ ಜನ ಹೇಳುತ್ತಾರೆ. ಹರಿದ್ರಾ ಹಳ್ಳ ಎರಡು ಗುಡ್ಡಗಳ ನಡುವಿನ ಕಿರಿದಾದ ಕಂಡಿಯಲ್ಲಿ ಹೊರಗೆ ಹೋಗುವ ಜಾಗಕ್ಕೆ ಏರಿ ಹಾಕಿದ್ದಾರೆ. ಏರಿ ಉದ್ದವಿಲ್ಲ, ಆದರೆ ಹಿಂದೆ ನಿಂತ ನೀರು ಕಣ್ಣಿಗೆ ನಿಲುಕುವುದಿಲ್ಲ. "ಎಲ್ಲಿ ಕಟ್ಟಬೇಕು ಅಂತ ಗೊತ್ತಾದ್ರೆ ಅರ್ಧ ಕೆಲಸ ಮುಗೀತು. ದುರ್ಬೀನಿಲ್ಲದ ಕಾಲದಲ್ಲಿ ಈ ಜಾಗ ಹುಡುಕಿದಾರೆ ನೋಡು" ಎಂದು ಅಪ್ಪಾಜಿ ಪ್ರತಿ ಸಲ ಹೇಳುತ್ತಿದ್ದರು. ನೀರು ಬಿಡಲು ಎರಡು ತೂಬು, ಸಿದ್ಧನಾಲೆ ಮತ್ತು ಬಸವನಾಲೆ. ಶತಮಾನಗಳ ಹಿಂದಿನ ಕೆರೆ ಇವತ್ತಿಗೂ ಹೊಲಕ್ಕೆ ನೀರುಣಿಸುತ್ತದೆ, ಚಿತ್ರದುರ್ಗಕ್ಕೆ ಕುಡಿಯುವ ನೀರು ಕೊಡುತ್ತದೆ. ಇಲ್ಲಿಗೆ ಬಂದಾಗಲೆಲ್ಲ ಅಪ್ಪಾಜಿ ಚಪ್ಪಲಿ ಬಿಟ್ಟು ಏರಿ ಹತ್ತುತ್ತಿದ್ದರು. ಅಮ್ಮನೂ ಬಿಟ್ಟರು. ನಾವೂ ಬಿಟ್ಟೆವು.

ಭಾನುವಾರ, ಚಿತ್ರದುರ್ಗ

ದಾರಿಯಲ್ಲಿ ಭರಮಸಾಗರದ ದೊಡ್ಡ ಕೆರೆ. ವರ್ಷಗಟ್ಟಲೆ ಒಣಗಿದ್ದ ಈ ಕೆರೆಗೆ 2021ರಲ್ಲಿ ತುಂಗಭದ್ರೆಯ ನೀರು ಪೈಪಿನಲ್ಲಿ ಬಂತು. ಆ ದಿನ ಅಪ್ಪಾಜಿ ಟಿವಿ ಮುಂದಿನಿಂದ ಎದ್ದಿರಲಿಲ್ಲ.

ಕೋಟೆಯ ಬಾಗಿಲಲ್ಲೇ ಅಮ್ಮ, "ನನ್ನ ಮೊಣಕಾಲು ಇಷ್ಟೇ, ನೀವು ಹೋಗಿ ಬನ್ರಿ" ಎಂದು ನೆರಳಲ್ಲಿ ಕೂತರು. ಅವರ ಮೊಣಕಾಲಿನ ಆಪರೇಷನ್ ಆದಾಗ ಅಪ್ಪಾಜಿಗೆ ಎಪ್ಪತ್ತು ದಾಟಿತ್ತು. ಆ ವಯಸ್ಸಿನಲ್ಲಿ ರೊಟ್ಟಿ ತಟ್ಟಲು ಕಲಿತರು. ಮೊದಲು ರೊಟ್ಟಿ ಹರಿಯುತ್ತಿತ್ತು. ಹಿಟ್ಟಿಗೆ ಎಷ್ಟು ಬಿಸಿನೀರು ಅಂತ ಅಳೆದು ಬರೆದುಕೊಂಡು ಆಮೇಲೆ ಸರಿ ಮಾಡಿದರು. ಅಮ್ಮ ಆ ರೊಟ್ಟಿಯ ಬಗ್ಗೆ ಇವತ್ತಿಗೂ ಜಂಬದಿಂದ ಹೇಳುತ್ತಾರೆ.

ಏಳು ಸುತ್ತಿನ ಕೋಟೆಗೆ ಬಂದವರು ಒನಕೆ ಓಬವ್ವನ ಕಿಂಡಿ ನೋಡದೆ ಹೋಗುವುದಿಲ್ಲ. ನಾವೂ ನೋಡಿದೆವು. ಹುಡುಗಿ ಅದರಲ್ಲಿ ನುಸುಳಿ ಬಂದಳು. ಅಪ್ಪಾಜಿ ನಮ್ಮನ್ನು ಕರೆತಂದಾಗ ಹೆಚ್ಚು ಹೊತ್ತು ನಿಲ್ಲಿಸುತ್ತಿದ್ದದ್ದು ಹೊಂಡಗಳ ಹತ್ತಿರ. ಬಂಡೆಗಳ ಮೇಲೆ ಬಿದ್ದ ಮಳೆ ಮೇಲಿನ ಗೋಪಾಲಸ್ವಾಮಿ ಹೊಂಡಕ್ಕೆ ಸೇರುತ್ತದೆ. ಅದು ತುಂಬಿದರೆ ನೀರು ಅಕ್ಕತಂಗಿ ಹೊಂಡಕ್ಕೆ ಇಳಿಯುತ್ತದೆ. ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಕೊನೆಗೆ ಊರಿನ ಸಂತೆ ಹೊಂಡ. ಪಂಪಿಲ್ಲ, ಗೇಟಿಲ್ಲ. ಬೆಟ್ಟದ ಇಳಿಜಾರೇ ಎಲ್ಲ ನೋಡಿಕೊಳ್ಳುತ್ತದೆ. ಹೈದರಾಲಿ ಮತ್ತೆ ಮತ್ತೆ ಮುತ್ತಿಗೆ ಹಾಕಬೇಕಾಯಿತು, 1779ರವರೆಗೆ ಕೋಟೆ ಅವನ ಕೈಗೆ ಸಿಗಲಿಲ್ಲ. ಗೋಡೆಯಷ್ಟೇ ನೀರೂ ಕೋಟೆಯನ್ನು ಕಾಯಿತು ಅನ್ನುವುದು ಅಪ್ಪಾಜಿಯ ವಾದ. ನನಗೂ ಅದೇ ಸರಿ ಅನಿಸುತ್ತದೆ. ಒಳಗೆ ಕುಡಿಯಲು ನೀರಿಲ್ಲದಿದ್ದರೆ ಏಳು ಸುತ್ತು ಕಟ್ಟಿ ಏನು ಬಂತು?

ಮಧ್ಯಾಹ್ನ ಚಂದ್ರವಳ್ಳಿ. ಇಲ್ಲಿ ಕದಂಬರ ಮಯೂರಶರ್ಮನ ಶಾಸನ ಇದೆ, 4ನೇ ಶತಮಾನದ್ದು, ಪ್ರಾಕೃತ ಭಾಷೆಯದ್ದು. ಪಲ್ಲವರು, ಆಭೀರರು ಮುಂತಾದವರನ್ನು ಗೆದ್ದ ಮಾತು ಅದರಲ್ಲಿದೆ. ಆದರೆ ಶಾಸನ ಬರೆಸಿದ್ದು ಒಂದು ಕೆರೆ ಮಾಡಿಸಿದ್ದಕ್ಕೆ. ಒಂದು ರಾಜವಂಶವನ್ನೇ ಶುರು ಮಾಡಿದವನು ತಾನು ಕಟ್ಟಿಸಿದ ಕೆರೆಯನ್ನು ಕಲ್ಲಿನ ಮೇಲೆ ಹೇಳಿಕೊಂಡಿದ್ದಾನೆ ಅಂದರೆ ಅಪ್ಪಾಜಿಗೆ ಎಲ್ಲಿಲ್ಲದ ಖುಷಿ. ಅಮ್ಮ ಇಲ್ಲಿಗೆ ನಡೆದು ಬಂದರು. ಬಂಡೆಯನ್ನು ನೋಡಿ, "ಇದನ್ನ ಅವರು ಮದುವೆಯಾದ ಹೊಸದರಲ್ಲಿ ತೋರಿಸಿದ್ರು. ನನಗೆ ಆಗ ಒಂದು ಸೀರೆ ಅಂಗಡಿ ನೋಡಿದ್ರೆ ಸಾಕಾಗಿತ್ತು" ಅಂದು ನಕ್ಕರು. ಅಪ್ಪಾಜಿ ಹೋದ ಮೇಲಿನ ಈ ವರ್ಷದಲ್ಲಿ ಅವರು ನಕ್ಕಿದ್ದು ಕಡಿಮೆ.

ಸೋಮವಾರ, ಮಾರಿಕಣಿವೆ ಮತ್ತು ನಮ್ಮ ಊರು

ಹಿರಿಯೂರು ದಾಟಿ ಮಾರಿಕಣಿವೆ ಮುಟ್ಟಿದಾಗ ಬೆಳಗಿನ ಬಿಸಿಲು ಹಿತವಾಗಿತ್ತು. ವೇದಾವತಿಗೆ ಅಡ್ಡ ಕಟ್ಟಿದ ಈ ಅಣೆಕಟ್ಟೆಯ ಕೆಲಸ 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿಯಿತು. ಕೆಲಸ ಶುರುವಾದಾಗ ಮೈಸೂರಿನ ಆಡಳಿತ ನೋಡುತ್ತಿದ್ದವರು ಮಹಾರಾಣಿ ಕೆಂಪನಂಜಮ್ಮಣ್ಣಿಯವರು, ವಾಣಿವಿಲಾಸ ಸನ್ನಿಧಾನ. ಇದಕ್ಕೆ ವಾಣಿವಿಲಾಸ ಸಾಗರ ಅನ್ನುವ ಹೆಸರು ಬಂದಿದ್ದು ಅವರಿಂದ. ಸಿಮೆಂಟು ಇಲ್ಲ, ಎಲ್ಲ ಕಲ್ಲು ಮತ್ತು ಸುಣ್ಣದ ಗಾರೆ. 130 ಅಡಿ ನಿಂತರೆ ಸುಮಾರು 30 ಟಿಎಂಸಿ ನೀರು. ಆದರೆ ಈ ಸೀಮೆಯ ಮಳೆಗೆ ಇದು ತುಂಬುವುದೇ ಅಪರೂಪ. 1933ರಲ್ಲಿ ಕೋಡಿ ಬಿದ್ದ ಮೇಲೆ 2022ರವರೆಗೆ ಕಾಯಬೇಕಾಯಿತು. 89 ವರ್ಷ! ಮೂರನೆಯ ಸಲ 2025ರ ಜನವರಿಯಲ್ಲಿ. ಭದ್ರಾ ಮೇಲ್ದಂಡೆ ಯೋಜನೆಯ ನೀರು ಅಜ್ಜಂಪುರದ ಸುರಂಗ ದಾಟಿ ಈ ಕಡೆ ಬರಲು ಶುರುವಾದದ್ದೂ ಇದಕ್ಕೆ ಒಂದು ಕಾರಣ.

2022ರಲ್ಲಿ ತಮ್ಮ ಅಪ್ಪಾಜಿಯನ್ನು ಇಲ್ಲಿಗೆ ಕರೆತಂದಿದ್ದ. ಜನಜಾತ್ರೆ. ಎಲ್ಲರೂ ಕೋಡಿಯ ಹತ್ತಿರ ಫೋಟೊ ತೆಗೆಯುತ್ತಿದ್ದರೆ ಅಪ್ಪಾಜಿ ಯಾರೋ ಸಿಬ್ಬಂದಿಯನ್ನು ಹಿಡಿದು ಕೇಳುತ್ತಿದ್ದರಂತೆ, "ನಾಲೆ ಕೊನೆಯವರೆಗೂ ಜಂಗಲ್ ತೆಗ್ದಿದೀರಾ?" ನಿವೃತ್ತರಾಗಿ ಎಷ್ಟೋ ವರ್ಷವಾಗಿತ್ತು. ಆದರೂ ಆ ಹುಡುಗ ನಿಂತು, ಸರ್ ಅಂತ ಕರೆದು, ಎಲ್ಲ ವಿವರ ಹೇಳಿದನಂತೆ. ಅದನ್ನು ಈಗ ನೆನೆದು ತಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಅಮ್ಮ ಕಣಿವೆ ಮಾರಮ್ಮನಿಗೆ ಹಣ್ಣು ಕಾಯಿ ಮಾಡಿಸಿದರು. ಮೊಮ್ಮಗಳ ಹೆಸರಲ್ಲೂ ಒಂದು ಅರ್ಚನೆ.

ಅಲ್ಲಿಂದ ಸೀದಾ ದಾವಣಗೆರೆಗೆ ಹೋಗುವುದಿತ್ತು. ಚಿತ್ರದುರ್ಗ ಹತ್ತಿರ ಬಂದಾಗ ಅಮ್ಮ, "ಜಗಳೂರು ಕಡೆ ತಿರುಗಿಸು, ಊರಿಗೆ ಹೋಗೋಣ" ಅಂದರು. ಮಧ್ಯಾಹ್ನದ ಊಟದ ಹೊತ್ತಿಗೆ ಚಿಕ್ಕಪ್ಪನ ಮನೆ ಸೇರಿದೆವು. ಅಪ್ಪಾಜಿಯ ಲೆವೆಲ್ ಬುಕ್ಕಿನ ಹಿಂದಿನ ಹಾಳೆಯಲ್ಲಿ ಯಾರ ಓದಿನ ಖರ್ಚು ಬರೆದಿತ್ತೋ, ಅದೇ ಚಿಕ್ಕಪ್ಪ. ಮೇಷ್ಟ್ರಾಗಿ ನಿವೃತ್ತರಾಗಿ ಈಗ ಈರುಳ್ಳಿ, ಮೆಕ್ಕೆಜೋಳ ಬೆಳೆಯುತ್ತಾರೆ.

ಊಟ ಆದ ಮೇಲೆ ಚಿಕ್ಕಪ್ಪ ನಮ್ಮನ್ನು ಊರ ಕೆರೆಗೆ ಕರೆದುಕೊಂಡು ಹೋದರು. ತುಂಗಭದ್ರೆಯ ನೀರೆತ್ತಿ ಜಗಳೂರು ತಾಲ್ಲೂಕಿನ 57 ಕೆರೆ ತುಂಬಿಸುವ ಯೋಜನೆಯ ಪೈಪು ನಮ್ಮ ಕೆರೆಗೂ ಬಂದಿದೆ. ಕೆರೆ ತುಂಬಿಲ್ಲ. ಅಂಗಳದಲ್ಲಿ ನೀರು ನಿಂತಿದೆ, ಅಷ್ಟೇ. ಪಕ್ಕದ ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬಂದಿದೆ ಅಂತ ಚಿಕ್ಕಪ್ಪ ಹೇಳಿದರು. ಅಪ್ಪಾಜಿ ಕೊನೆಯ ಸಲ ಊರಿಗೆ ಬಂದಾಗ ಈ ಕೆರೆಯ ತೂಬು, ಕೋಡಿ ಎಲ್ಲ ನೋಡಿ, ತೂಬಿನ ಕಲ್ಲು ಜರುಗಿದೆ, ನೀರು ಬರುವ ಮೊದಲೇ ಸರಿ ಮಾಡಿಸಿ ಅಂತ ಚೀಟಿಯಲ್ಲಿ ಬರೆದು ಕೊಟ್ಟಿದ್ದರಂತೆ. ಚಿಕ್ಕಪ್ಪ ಊರವರನ್ನು ಸೇರಿಸಿ ತೂಬು ಸರಿ ಮಾಡಿಸಿದ್ದಾರೆ. ಕೋಡಿಯ ಗೋಡೆ ಇನ್ನೂ ಬಾಕಿ ಇದೆ. ಅದಕ್ಕೆ ಎಷ್ಟು ಖರ್ಚಾಗುತ್ತದೆ ಅಂತ ತಮ್ಮ ಕೇಳಿದ. ಚಿಕ್ಕಪ್ಪ ಲೆಕ್ಕ ಹೇಳಿದರು. ನಮ್ಮ ಪಾಲು ಎಷ್ಟು ಹಾಕಬೇಕು ಅಂತ ಅಮ್ಮ ಅಲ್ಲೇ ತೀರ್ಮಾನ ಮಾಡಿದರು. ಮಳೆಗಾಲಕ್ಕೆ ಮೊದಲು ಕೆಲಸ ಮುಗಿಯಬೇಕು, ಯುಗಾದಿ ಕಳೆದ ಮೇಲೆ ಶುರು ಮಾಡೋಣ ಎಂದು ಮಾತಾಯಿತು.